ಹುಬ್ಬಿನ ಎರಡು ಗೆರೆ



ಕೈಗೆಟುಕುವಲ್ಲಿ ಒಂದು ಕಾಗದ, ಒಂದು ಪೆನ್ನೋ ಪೆನ್ಸಿಲ್ಲೋ ಇದ್ದರೆ ದಯವಿಟ್ಟು ತೆಗೆದುಕೊಳ್ಳಿ. ಒಲೆಯ ಮುಂದೆ ನಿಂತು ಕೇಳುತ್ತಿರುವವರು, ಗಾಡಿ ಓಡಿಸುತ್ತಿರುವವರು ಮನಸ್ಸಿನಲ್ಲೇ ಬರೆದುಕೊಂಡರೂ ಸಾಕು. ಬಳೆಯಗಲದ ಒಂದು ಸುತ್ತು ಹಾಕಿ. ಸೊಟ್ಟಗಿದ್ದರೂ ಚಿಂತೆಯಿಲ್ಲ. ಅದರೊಳಗೆ ಅಕ್ಕಪಕ್ಕ ಎರಡು ಚುಕ್ಕೆ, ಕೆಳಗೊಂದು ಅಡ್ಡಗೆರೆ. ಮುಖವಾಯಿತು. ಈಗ ಚುಕ್ಕೆಗಳ ಮೇಲೆ ಹುಬ್ಬು ಬರೆಯೋಣ. ಮೂಗಿನ ಕಡೆಯ ತುದಿ ಕೆಳಗಿಳಿದಿರುವ ಹಾಗೆ ಎರಡು ಸಣ್ಣ ಗೆರೆ ಎಳೆಯಿರಿ. ಮುಖಕ್ಕೆ ಸಿಟ್ಟು ಬಂತು. ಪಕ್ಕದಲ್ಲಿ ಅಂಥದೇ ಇನ್ನೊಂದು ಮುಖ ಬರೆದು, ಈ ಸಲ ಮೂಗಿನ ಕಡೆಯ ತುದಿಯನ್ನು ಮೇಲಕ್ಕೆತ್ತಿ, ಕಿವಿಯ ಕಡೆಯ ತುದಿಯನ್ನು ಇಳಿಸಿ. ಈ ಮುಖಕ್ಕೆ ಯಾರೋ ಬೈದಿದ್ದಾರೆ, ಇನ್ನೇನು ಅತ್ತೇಬಿಡುತ್ತದೆ. ಬಾಯಿಯ ಗೆರೆಯನ್ನು ನಾವು ಮುಟ್ಟಲೇ ಇಲ್ಲ. ಹುಬ್ಬಿನ ಎರಡು ಗೆರೆ ಇಷ್ಟು ಕೆಲಸ ಮಾಡಿತು.

ಈ ಆಟಕ್ಕೊಂದು ಹಳೆಯ ಚರಿತ್ರೆಯಿದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರೊಡಾಲ್ಫ್ ಟಾಪ್ಫರ್ ಎಂಬ ಮೇಷ್ಟ್ರಿದ್ದರು. ಹುಟ್ಟಿದ್ದು 1799ರಲ್ಲಿ. ತಂದೆ ವರ್ಣಚಿತ್ರಕಾರರು. ಮಗನಿಗೂ ಅದೇ ಆಸೆ. ಆದರೆ ಕಣ್ಣಿನ ತೊಂದರೆ ಅಡ್ಡ ಬಂತು. ಅವರು ಹುಡುಗರ ವಸತಿ ಶಾಲೆಯೊಂದನ್ನು ನಡೆಸುತ್ತ, ತಮ್ಮ ಶಿಷ್ಯರನ್ನು ನಗಿಸಲೆಂದು ಸಾಲುಸಾಲಾಗಿ ಚಿತ್ರ ಬರೆದು, ಅಡಿಯಲ್ಲಿ ಒಂದೆರಡು ಮಾತು ಸೇರಿಸಿ ಕಥೆ ಕಟ್ಟತೊಡಗಿದರು. ಅವು ಕೈಯಿಂದ ಕೈಗೆ ಹೋಗಿ ಜರ್ಮನ್ ಕವಿ ಗಯಟೆಯವರೆಗೂ ತಲುಪಿದವು. ಅವರು ಮೆಚ್ಚಿಕೊಂಡ ಮೇಲೆ ಅಚ್ಚಿಗೂ ಹೋದವು. ಇವತ್ತಿನ ಚಿತ್ರಕಥೆಗಳ, ಕಾಮಿಕ್ ಪುಸ್ತಕಗಳ ಇತಿಹಾಸ ಹೇಳುವವರಲ್ಲಿ ಅನೇಕರು ಮೊದಲ ಹೆಸರಾಗಿ ಅವರನ್ನೇ ಹೇಳುತ್ತಾರೆ. 1845ರಲ್ಲಿ ಟಾಪ್ಫರ್ ಮುಖಚಹರೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಎಷ್ಟೇ ಒಡ್ಡೊಡ್ಡಾಗಿ ಗೀಚಿದ ಮುಖಕ್ಕೂ ಒಂದು ಭಾವ ಇದ್ದೇ ಇರುತ್ತದೆ, ಮೊದಲು ಗೀಚಿ, ಆಮೇಲೆ ಅದನ್ನು ನೋಡಿ, ಒಂದು ಗೆರೆ ಬದಲಿಸಿ ಮತ್ತೆ ನೋಡುತ್ತ ಹೋಗಬೇಕು ಎಂಬುದು ಅದರ ತಿರುಳು. ಕಲೆಯ ಇತಿಹಾಸಕಾರ ಗೊಂಬ್ರಿಕ್ 1960ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಟಾಪ್ಫರ್ ನಿಯಮ ಎಂದೇ ಹೆಸರಿಟ್ಟರು. ನಮ್ಮ ಕನ್ನಡದ 'ಠ' ಅಕ್ಷರವನ್ನೇ ನೋಡಿ. ಎರಡು ಠಕಾರ ಅಕ್ಕಪಕ್ಕ ಇಟ್ಟು ನಡುವೆ ಒಂದು ಅಡ್ಡಗೆರೆ ಎಳೆದರೆ, ಕಣ್ಣು ಬಿಟ್ಟು ನೋಡುವ ಖಡಕ್ ಹೆಡ್ ಮೇಷ್ಟ್ರ ಮುಖ. ಕನ್ನಡದ ಗಂಧವೇ ಇಲ್ಲದ ದೇಶಗಳ ಹುಡುಗರು ಕೂಡ ಇಂಟರ್‌ನೆಟ್ಟಿನಲ್ಲಿ 'ನನಗಿದು ಹಿಡಿಸಲಿಲ್ಲ' ಎನ್ನಲು ಈ ಜೋಡಿ ಠಕಾರವನ್ನು ಬಳಸುತ್ತಾರೆ.

ನಾನು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವವನು. ಮಕ್ಕಳು ಕಾರ್ಟೂನು ಬರೆಯುವುದನ್ನು ಹತ್ತಿರದಿಂದ ನೋಡುತ್ತಾ ಬಂದವನು. ಓದು ಬಿಟ್ಟು ಗೀಚುತ್ತಾ ಕೂತಿದ್ದಾನೆ ಎಂಬ ದೂರನ್ನು ತಂದೆತಾಯಿಯರ ಬಾಯಲ್ಲಿ ಆಗಾಗ ಕೇಳುತ್ತೇನೆ. ಗೀಚುತ್ತಾ ಕೂತಿರುವ ಮಗು ಓದು ಬಿಟ್ಟಿಲ್ಲ, ಅದು ಮನುಷ್ಯರನ್ನು ಓದುತ್ತಿದೆ. ಇದನ್ನು ನಿಮಗೆ ಹೇಳಬೇಕೆಂದೇ ಇವತ್ತು ಮೈಕಿನ ಮುಂದೆ ಕೂತಿದ್ದೇನೆ.

ಹುಬ್ಬಿನ ಆಟ ಆಡಿಸಿದ ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಕೋಪಕ್ಕೂ ಮುನಿಸಿಗೂ ಹುಬ್ಬು ಒಂದೇ ಥರ ಇರುತ್ತಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನೀನೇ ಬರೆದು ನೋಡು ಎಂದೆ. ಬರೆದಳು, ಅಳಿಸಿದಳು, ಪಕ್ಕದವಳಿಗೆ ಮುನಿಸಿಕೊಂಡು ತೋರಿಸು ಎಂದು ಹೇಳಿ ಅವಳ ಮುಖ ನೋಡಿದಳು. ಕೊನೆಗೆ, ಮುನಿಸಿಗೆ ಹುಬ್ಬು ಅಷ್ಟು ಮುಖ್ಯವಲ್ಲ, ಕಣ್ಣಿನ ಚುಕ್ಕೆ ಪಕ್ಕಕ್ಕೆ ಸರಿಯಬೇಕು, ತುಟಿ ಸ್ವಲ್ಪ ಮುಂದೆ ಬರಬೇಕು ಎಂದು ಕಂಡುಕೊಂಡಳು. ಏಳು ವರ್ಷದ ಮಗು. ಅವಳಮ್ಮ ಮನೆಯಲ್ಲಿ ಮಾತು ಬಿಟ್ಟು ಕೂತಾಗ ಅದು ಕೋಪವೋ ಮುನಿಸೋ ಬರಿಯ ಸುಸ್ತೋ ಎಂದು ನೋಡುವ ಕಣ್ಣು ಇವಳಿಗೆ ಆವತ್ತು ಇನ್ನಷ್ಟು ತೆರೆಯಿತು.

ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ ಮನಸ್ಸನ್ನು ಓದಿಸುವ ಗೆರೆಯ ಈ ಶಕ್ತಿಯನ್ನು ಒಂದು ಪದ್ಧತಿಯನ್ನಾಗಿಯೇ ಮಾಡಿದರು. ಆಟಿಸಂ ಇರುವ ಅನೇಕ ಮಕ್ಕಳಿಗೆ ಎದುರಿನವರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವುದು ಕಷ್ಟ. ಅವರ ಜೊತೆ ಕೂತು, ಕಡ್ಡಿಯಂಥ ಎರಡು ಗೊಂಬೆ ಬರೆದು, ಯಾರು ಏನು ಹೇಳಿದರು ಎಂಬುದನ್ನು ಒಂದು ಗುಳ್ಳೆಯಲ್ಲಿ, ಮನಸ್ಸಿನಲ್ಲಿ ಏನೆಂದುಕೊಂಡರು ಎಂಬುದನ್ನು ಇನ್ನೊಂದು ಗುಳ್ಳೆಯಲ್ಲಿ ಬರೆಯಿಸುವ ಈ ವಿಧಾನವನ್ನು ಅವರು 1994ರಲ್ಲಿ ಪುಸ್ತಕವಾಗಿ ಕೊಟ್ಟರು. ಹೇಳಿದ ಮಾತು ಬೇರೆ, ಅಂದುಕೊಂಡದ್ದು ಬೇರೆ ಇರಬಹುದು ಎಂಬ ಸಂಗತಿ ಕಾಗದದ ಮೇಲೆ ಕಣ್ಣಿಗೇ ಕಾಣುತ್ತದೆ.

ಇದು ಯಾವ ಮಗುವಿಗೆ ಬೇಡ ಹೇಳಿ? ನಮ್ಮ ಶಾಲೆಯಲ್ಲಿ ಒಮ್ಮೆ ಜಾಮಿಟ್ರಿ ಬಾಕ್ಸಿನ ವಿಷಯಕ್ಕೆ ಇಬ್ಬರು ಹುಡುಗರು ಜಗಳವಾಡಿಕೊಂಡು ಬಂದರು. ಇವನು ಕದ್ದ ಅಂತ ಅವನು, ಕೇಳಿ ತಗೊಂಡೆ ಅಂತ ಇವನು. ದೂರು ಕೇಳದೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಆದದ್ದನ್ನು ಚಿತ್ರದಲ್ಲಿ ಬರೆದು ತನ್ನಿ, ಆದರೆ ಎದುರಿನವನ ತಲೆಯ ಮೇಲೂ ಮನಸ್ಸಿನ ಗುಳ್ಳೆ ಇರಬೇಕು ಎಂದೆ. ಬಾಕ್ಸ್ ತೆಗೆದುಕೊಂಡವನು ತನ್ನ ಚಿತ್ರವನ್ನು ಬೇಗ ಮುಗಿಸಿದ. ಗೆಳೆಯನ ಗುಳ್ಳೆ ಮಾತ್ರ ಖಾಲಿ. ಬಹಳ ಹೊತ್ತು ಯೋಚಿಸಿ ಅದರಲ್ಲಿ ಬರೆದದ್ದು: "ಅಪ್ಪ ಕೇಳಿದರೆ ಏನು ಹೇಳಲಿ?" ಆ ಸಾಲು ಬರೆದ ಮೇಲೆ ಅವರ ನಡುವೆ ಪಂಚಾಯಿತಿ ಮಾಡುವ ಅಗತ್ಯ ನನಗೆ ಬೀಳಲಿಲ್ಲ.

ಚಿಕ್ಕ ಮಕ್ಕಳ ಚಿತ್ರದ ಬಗ್ಗೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಅಮೆರಿಕದಲ್ಲಿ ರೋಡಾ ಕೆಲಾಗ್ ಎಂಬ ಶಿಶುವಿಹಾರದ ಶಿಕ್ಷಕಿ ಹಲವು ದೇಶಗಳ ಮಕ್ಕಳ ಲಕ್ಷಗಟ್ಟಲೆ ಚಿತ್ರಗಳನ್ನು ಕೂಡಿಹಾಕಿ, ನೋಡಿ, 1969ರಲ್ಲಿ ಒಂದು ಪುಸ್ತಕ ಬರೆದರು. ಎರಡು ವರ್ಷದ ಮಗು ಗೋಡೆಯ ಮೇಲೆ ಎಳೆಯುವ ಗೀಟುಗಳಲ್ಲೂ ಗುರುತಿಸಬಹುದಾದ ಇಪ್ಪತ್ತು ಬಗೆಗಳಿವೆ ಎಂದು ಅವರು ತೋರಿಸಿದರು. ಗೀಟು ಸುತ್ತಾಗುತ್ತದೆ, ಸುತ್ತಿನಿಂದ ಕಿರಣ ಹೊರಡುತ್ತವೆ, ಸೂರ್ಯನಂತೆ ಕಾಣುವ ಆ ಚಿತ್ರಕ್ಕೆ ಒಂದು ದಿನ ಎರಡು ಕಣ್ಣು ಮೂಡುತ್ತವೆ. ತಲೆಯಿಂದಲೇ ನೇರವಾಗಿ ಕೈಕಾಲು ಹೊರಟ, ಹೊಟ್ಟೆಯೇ ಇಲ್ಲದ ಗೊದಮೊಟ್ಟೆ ಮನುಷ್ಯ ಹುಟ್ಟುತ್ತಾನೆ. ನಿಮ್ಮ ಮನೆಯ ಗೋಡೆಯ ಮೇಲೂ ಅವನಿದ್ದಾನೆ, ಸುಣ್ಣ ಹೊಡೆಸುವ ಮೊದಲು ಒಮ್ಮೆ ನೋಡಿ. 1926ರಲ್ಲಿ ಫ್ಲಾರೆನ್ಸ್ ಗುಡ್‌ಎನಫ್ ಎಂಬ ಮನೋವಿಜ್ಞಾನಿ ಮಗು ಬರೆದ ಮನುಷ್ಯನ ಚಿತ್ರ ನೋಡಿ ಬುದ್ಧಿ ಅಳೆಯುವ ಪರೀಕ್ಷೆ ಮಾಡಿದರು. ಚಿತ್ರದ ಚೆಲುವಿಗೆ ಅಲ್ಲಿ ಅಂಕವಿಲ್ಲ. ಕುತ್ತಿಗೆ ಇದೆಯೇ, ಬೆರಳು ಐದಿವೆಯೇ ಎಂಬಂಥ ವಿವರಗಳಿಗೆ ಅಂಕ. ಮಗುವಿನ ಚಿತ್ರಕ್ಕೆ ಅಂಕ ಹಾಕುವುದು ನನಗೆ ಇಷ್ಟವಿಲ್ಲದ ಕೆಲಸ. ಆದರೂ ಚಿತ್ರದಲ್ಲಿ ಕಾಣುವುದು ಮಗುವಿನ ತಿಳಿವಳಿಕೆ ಎಂಬ ಮಾತನ್ನು ಅಷ್ಟು ಹಿಂದೆಯೇ ಗಂಭೀರವಾಗಿ ತೆಗೆದುಕೊಂಡವರು ಅವರು.

ತಿಳಿದದ್ದಷ್ಟೇ ಅಲ್ಲ, ಮುಖ್ಯ ಅನಿಸಿದ್ದೂ ಕಾಣುತ್ತದೆ. ಒಂದನೇ ತರಗತಿಯ ಹುಡುಗನೊಬ್ಬ ಬಿಸಿಯೂಟದ ಅಡುಗೆ ಅಕ್ಕನ ಚಿತ್ರ ಬರೆದ. ಅಕ್ಕ ಹೆಬ್ಬೆರಳಿನಷ್ಟು, ಅವಳ ಕೈಯ ಸೌಟು ಅವಳ ಎರಡರಷ್ಟು. ಸೌಟಿನಿಂದ ಸಾಂಬಾರಿನ ಹನಿಗಳು ತಟ್ಟೆಗೆ ಬೀಳುತ್ತಿವೆ, ಪ್ರತಿ ಹನಿಯನ್ನೂ ಬಿಡಿಬಿಡಿಯಾಗಿ ಬರೆದಿದ್ದಾನೆ. ಸೌಟು ದೊಡ್ಡದಾಯಿತು ಎಂದು ತಿದ್ದಲು ಹೊರಟರೆ ಆ ಚಿತ್ರದ ಜೀವವೇ ಹೋಗುತ್ತದೆ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹಸಿದ ಹುಡುಗನಿಗೆ ಮೊದಲು ಕಾಣುವುದು ಸೌಟೇ. ನುರಿತ ವ್ಯಂಗ್ಯಚಿತ್ರಕಾರ ಬೇಕೆಂದೇ ಮಾಡುವ ಕೆಲಸವನ್ನು ಇವನು ಸಹಜವಾಗಿ ಮಾಡಿದ್ದಾನೆ. ನಮ್ಮ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನ ಹೊಟ್ಟೆ, ತುಟಿ, ಕೂದಲು ಇರುವ ಅಳತೆಯನ್ನು ಯಾರೂ ತಪ್ಪೆಂದು ತಿದ್ದಿದ್ದಿಲ್ಲ.

ಹೀಗೆ ಬರೆಯುತ್ತಿದ್ದ ಮಗು ಒಂಬತ್ತು, ಹತ್ತರ ಹೊತ್ತಿಗೆ ಪೆನ್ಸಿಲ್ ಕೆಳಗಿಡುತ್ತದೆ. ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು. ನಾಲ್ಕನೇ ತರಗತಿಯವರೆಗೆ ಹಾಳೆ ಕೊಟ್ಟರೆ ಸಾಕು ಮುಗಿಬೀಳುತ್ತಿದ್ದವರು ಐದು, ಆರಕ್ಕೆ ಬಂದಾಗ "ನಂಗೆ ಚಿತ್ರ ಬರಲ್ಲ ಸಾರ್" ಎನ್ನುತ್ತಾರೆ. ವಿಯೆನ್ನಾದಲ್ಲಿ ಕುರುಡು ಮಕ್ಕಳಿಗೆ ಕಲೆ ಕಲಿಸಿ, ಆಮೇಲೆ ಅಮೆರಿಕಕ್ಕೆ ಹೋದ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ಮಕ್ಕಳ ಚಿತ್ರದ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿದ್ದಾರೆ. ಒಂಬತ್ತರ ಆಸುಪಾಸಿನಲ್ಲಿ ಮಗುವಿಗೆ, ತಾನು ಬರೆದದ್ದು ಕಣ್ಣಿಗೆ ಕಂಡಂತೆ ಇರಬೇಕು ಎಂಬ ಆಸೆ ಹುಟ್ಟುತ್ತದೆ. ಆದರೆ ಕೈ ಇನ್ನೂ ಅಷ್ಟು ಪಳಗಿಲ್ಲ. ಕುದುರೆ ನಾಯಿಯಂತಾಗುತ್ತದೆ. ಪಕ್ಕದವನು ನಗುತ್ತಾನೆ. ಮಗು ತನ್ನ ಚಿತ್ರವನ್ನು ಕೈಯಿಂದ ಮುಚ್ಚಿಕೊಳ್ಳಲು ಶುರುಮಾಡುತ್ತದೆ.

ಆಗ ಅದಕ್ಕೆ ಸಿಗುವ ಆಸರೆ ಯಾವುದು? ಸೀನರಿ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದಲೇ ಇಳಿದು ಬರುವ ಹೊಳೆ, ದಡದಲ್ಲೊಂದು ಹೆಂಚಿನ ಮನೆ, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕಾರು ಹಕ್ಕಿ. ಬೀದರಿನ ಬಯಲಿನ ಮಗುವೂ ಇದನ್ನೇ ಬರೆಯುತ್ತದೆ. ದಿನವೂ ಸೂರ್ಯ ಕಡಲಿಗಿಳಿಯುವುದನ್ನು ನೋಡುವ ಮಲ್ಪೆಯ ಮಗುವೂ ಸೂರ್ಯನನ್ನು ಬೆಟ್ಟದ ಸಂದಿಯಲ್ಲೇ ಇಡುತ್ತದೆ. ಅದರಲ್ಲಿ ಮಗು ನೋಡಿದ್ದು ಒಂದೂ ಇಲ್ಲ. ಲೋಯರ್ ಗ್ರೇಡ್ ಪರೀಕ್ಷೆಗೆಂದು ಹೂಜಿ, ಲೋಟ ಇಟ್ಟು ನೋಡಿ ಬರೆಯಿಸುವುದನ್ನು ನಾನೂ ಮಾಡಿಸುತ್ತೇನೆ, ಅದರ ಬೆಲೆ ಅದಕ್ಕಿದೆ. ಆದರೆ ಪೆನ್ಸಿಲ್ ಕೆಳಗಿಟ್ಟ ಹತ್ತು ವರ್ಷದ ಮಗುವಿನ ಮುಂದೆ ಹೂಜಿ ಇಡುವುದು ಸರಿಯಾದ ಮದ್ದಲ್ಲ. ಕಾರ್ಟೂನು ಅದಕ್ಕೆ ಬೇರೊಂದು ದಾರಿ ತೆರೆಯುತ್ತದೆ. ಇಲ್ಲಿ ಕುದುರೆ ಕುದುರೆಯಂತೆಯೇ ಇರಬೇಕೆಂಬ ಕಟ್ಟಿಲ್ಲ. ಓಡುವ ಕುದುರೆಯೋ ಹಟ ಹಿಡಿದು ನಿಂತ ಕುದುರೆಯೋ ಎಂದು ಗೊತ್ತಾದರೆ ಆಯಿತು. ಸೋತೆ ಎಂದುಕೊಂಡ ಕೈ ಮತ್ತೆ ಚುರುಕಾಗುತ್ತದೆ. ಒಮ್ಮೆ ಚುರುಕಾದ ಮೇಲೆ ಕುದುರೆಯ ಕಾಲು ಮಡಿಸುವುದು ಹೇಗೆ ಎಂದು ತಾನಾಗಿಯೇ ನೋಡಲು ಹೋಗುತ್ತದೆ.

ಇನ್ನು ಪಾಠದ ವಿಷಯಕ್ಕೆ ಬರುತ್ತೇನೆ. ಒಂದು ಹಾಳೆಯನ್ನು ಎರಡು ಸಲ ಮಡಿಚಿ ಬಿಚ್ಚಿದರೆ ನಾಲ್ಕು ಚೌಕ ಸಿಗುತ್ತವೆ. ಮಳೆ ಹೇಗೆ ಬರುತ್ತದೆ, ನಾಲ್ಕು ಚೌಕದಲ್ಲಿ ಹೇಳಿ ಎಂದು ಏಳನೇ ತರಗತಿಯವರಿಗೆ ಒಮ್ಮೆ ಕೊಟ್ಟಿದ್ದೆವು. ವಿಜ್ಞಾನದ ಪ್ರಶ್ನೆಗೆ, ನೀರು ಆವಿಯಾಗಿ ಮೇಲೇರಿ ತಂಪಾಗಿ ಮೋಡವಾಗಿ ಮಳೆಯಾಗುತ್ತದೆ ಎಂದು ಬರೆದು ಪೂರ್ತಿ ಅಂಕ ತೆಗೆದ ಹುಡುಗನೊಬ್ಬ ಅವರಲ್ಲಿದ್ದ. ಅವನ ಚಿತ್ರದಲ್ಲಿ ಮೋಡ ನೀರು ತುಂಬಿದ ಒಂದು ಗೋಣಿಚೀಲ. ಮೂರನೇ ಚೌಕದಲ್ಲಿ ಅದು ಬೆಟ್ಟದ ಚೂಪಿಗೆ ತಗುಲಿ ಹರಿದುಹೋಗುತ್ತದೆ, ನಾಲ್ಕನೆಯದರಲ್ಲಿ ನೀರು ಸುರಿಯುತ್ತದೆ. ಬರೆದ ಉತ್ತರದಲ್ಲಿ ಅಡಗಿ ಕೂತಿದ್ದ ತಪ್ಪು ತಿಳಿವಳಿಕೆ ಚಿತ್ರದಲ್ಲಿ ಎದ್ದು ಬಂತು. ನಮ್ಮ ವಿಜ್ಞಾನದ ಟೀಚರು ಮಾರನೆಯ ದಿನ ಒಲೆಯ ಮೇಲೆ ನೀರು ಕುದಿಸಿ, ತಣ್ಣಗಿನ ಸ್ಟೀಲ್ ತಟ್ಟೆಯನ್ನು ಹಬೆಗೆ ಹಿಡಿದು, ತಟ್ಟೆಯ ತಳದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹನಿ ಕಟ್ಟಿ, ಒಂದಕ್ಕೊಂದು ಕೂಡಿ, ಭಾರವಾಗಿ ತೊಟ್ಟಿಕ್ಕುವುದನ್ನು ತೋರಿಸಿದರು. ಹುಡುಗ ತನ್ನ ಚಿತ್ರವನ್ನು ತಾನೇ ಮತ್ತೆ ಬರೆದ. ಈ ಸಲ ಮೋಡವೆಂದರೆ ಸಾವಿರಾರು ಪುಟಾಣಿ ಹನಿಗಳು. ಎರಡು ಹನಿಗಳು ತಬ್ಬಿಕೊಂಡು, "ಇನ್ನು ತಡೆಯೋಕಾಗಲ್ಲ, ಇಳಿಯೋಣ" ಎನ್ನುತ್ತಿವೆ.

ಚಿತ್ರ ಬರೆದದ್ದು ನೆನಪಿನಲ್ಲಿ ಉಳಿಯುತ್ತದೆ ಎಂಬುದು ಪರೀಕ್ಷೆಗೆ ಒಳಪಟ್ಟ ಮಾತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳಿಗೆ ಪದಗಳನ್ನು ಕೊಟ್ಟು, ಕೆಲವನ್ನು ಮತ್ತೆ ಮತ್ತೆ ಬರೆಯಲು, ಕೆಲವನ್ನು ಚಿತ್ರವಾಗಿ ಬಿಡಿಸಲು ಹೇಳಿದರು. ಆಮೇಲೆ ನೆನಪಿಸಿಕೊಳ್ಳಿ ಎಂದಾಗ ಚಿತ್ರ ಬಿಡಿಸಿದ ಪದಗಳೇ ಹೆಚ್ಚು ನೆನಪಾದವು. ಚಿತ್ರ ಚೆನ್ನಾಗಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗಲಿಲ್ಲ. ಅವರು ಕಾಲೇಜು ವಿದ್ಯಾರ್ಥಿಗಳು, ನಿಜ. ಆದರೆ ಯಾವ ಪಾಠವನ್ನಾದರೂ ಒಮ್ಮೆ ಚೌಕಗಳಲ್ಲಿ ಬರೆಯಿಸಿ ನೋಡಿದ ಶಿಕ್ಷಕರಿಗೆ ಇದು ಆಶ್ಚರ್ಯ ತರುವುದಿಲ್ಲ. ಪೆನ್ಸಿಲ್ ಹಿಡಿಯುವ ಬೆರಳುಗಳ ಹಿಡಿತ, ನಮ್ಮ ದುಂಡಕ್ಷರಗಳಿಗೆ ಬೇಕಾದ ಕೈಯ ತಿರುವು ಇವೆಲ್ಲ ಜೊತೆಗೆ ಬರುವಂಥವು, ಬಿಡಿಸಿ ಹೇಳಬೇಕಾಗಿಲ್ಲ.

ಚೌಕ ಕಲಿಸುವ ಇನ್ನೊಂದು ವಿದ್ಯೆ ಇದೆ, ಅದು ಆರಿಸಿಕೊಳ್ಳುವುದು. ಕಿತ್ತೂರಿನ ಕಥೆಯನ್ನು ಆರು ಚೌಕದಲ್ಲಿ ಹೇಳಿ ಎಂದು ಮಕ್ಕಳ ಗುಂಪುಗಳಿಗೆ ಕೊಟ್ಟು ನೋಡಿ. ಒಂದು ಗುಂಪು ದೊರೆ ಮಲ್ಲಸರ್ಜನಿಂದ ಆರಂಭಿಸಿ ಯುದ್ಧಕ್ಕೆ ಬರುವ ಹೊತ್ತಿಗೆ ಚೌಕಗಳೇ ಮುಗಿದಿರುತ್ತವೆ. ಇನ್ನೊಂದು ಗುಂಪು ದತ್ತುಪುತ್ರನನ್ನು ಒಪ್ಪುವುದಿಲ್ಲ ಎಂದು ಕಂಪನಿ ಸರಕಾರ ತಕರಾರು ತೆಗೆದಲ್ಲಿಂದ ತೊಡಗುತ್ತದೆ. ನಮ್ಮ ಶಾಲೆಯಲ್ಲಿ ದೊಡ್ಡ ಚರ್ಚೆ ನಡೆದದ್ದು ಕೊನೆಯ ಚೌಕದ ಬಗ್ಗೆ. 1824ರ ಅಕ್ಟೋಬರಿನಲ್ಲಿ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತು ಕಿತ್ತೂರು ಗೆದ್ದಲ್ಲಿಗೆ ನಿಲ್ಲಿಸಬೇಕೋ, ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮ ತೀರಿಕೊಂಡಲ್ಲಿಗೆ ನಿಲ್ಲಿಸಬೇಕೋ? ಗೆದ್ದದ್ದನ್ನೇ ಹೇಳಬೇಕು ಎಂದರು ಹುಡುಗರು. ಆಮೇಲೆ ಏನಾಯಿತೆಂದು ಹೇಳದಿದ್ದರೆ ಸುಳ್ಳು ಹೇಳಿದ ಹಾಗೆ ಎಂದಳು ಒಬ್ಬ ಹುಡುಗಿ. ಇತಿಹಾಸ ಬರೆಯುವ ವಿದ್ವಾಂಸರ ಮುಂದಿರುವ ಪ್ರಶ್ನೆಯೇ ಇದು. ಆರು ಚೌಕಗಳ ಒಂದು ಹಾಳೆ ಅದನ್ನು ಹನ್ನೊಂದು ವರ್ಷದವರ ಮುಂದೆ ತಂದಿಟ್ಟಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾತಿನ ಗುಳ್ಳೆ. ಪ್ರಬಂಧ ಬರೆಯಿರಿ ಎಂದರೆ ಐದು ಸಾಲಿಗೆ ಸುಸ್ತಾಗುವ ಮಗು, ಹತ್ತು ಹನ್ನೆರಡು ಗುಳ್ಳೆಗಳನ್ನು ಸಲೀಸಾಗಿ ತುಂಬಿಸುತ್ತದೆ. ಏಕೆಂದರೆ ಗುಳ್ಳೆಯಲ್ಲಿ ಮನೆಯ ಮಾತು ಬರೆಯಬಹುದು. ಪ್ರಬಂಧದಲ್ಲಿ 'ಅಜ್ಜಿಯು ಹೇಳಿದಳು' ಎಂದು ಬರೆಯಬೇಕಾದ ಮಗು ಗುಳ್ಳೆಯಲ್ಲಿ ಅಜ್ಜಿ ಹೇಗೆ ಹೇಳಿದಳೋ ಹಾಗೆಯೇ ಬರೆಯುತ್ತದೆ. ಮಂಡ್ಯದ ಅಜ್ಜಿ "ಏನ್ಲಾ ಮಗಾ, ಉಂಡ್ಯಾ?" ಅನ್ನುತ್ತಾಳೆ. ಧಾರವಾಡದ ಆಯಿ "ಎಲ್ಲಿಗ್ ಹೊಂಟೀಯೋ?" ಅನ್ನುತ್ತಾಳೆ. ಮಂಗಳೂರಿನ ಕಡೆಯ ಗೆಳೆಯ "ಎಂತ ಮಾರಾಯ?" ಅನ್ನುತ್ತಾನೆ. ಮನೆಯಲ್ಲಿ ತುಳು, ಲಂಬಾಣಿ, ಉರ್ದು, ಕೊಂಕಣಿ ಆಡುವ ಮಕ್ಕಳು ಒಂದೇ ಹಾಳೆಯಲ್ಲಿ ಅಮ್ಮನಿಗೆ ಒಂದು ಭಾಷೆ, ಬಸ್ ಕಂಡಕ್ಟರಿಗೆ ಒಂದು ಭಾಷೆ ಕೊಟ್ಟದ್ದನ್ನು ನೋಡಿದ್ದೇನೆ. ಯಾರ ಬಾಯಲ್ಲಿ ಯಾವ ಮಾತು ಕೂರುತ್ತದೆ ಎಂಬ ಕಿವಿ ಕಾದಂಬರಿಕಾರನಿಗೆ ಬೇಕಾದದ್ದು. ಇಲ್ಲಿ ಅದು ಆಟವಾಗಿ ಬರುತ್ತದೆ. ಗುಳ್ಳೆ ಚಿಕ್ಕದಾದ್ದರಿಂದ ಬೇಡದ ಪದವನ್ನು ಬಿಡುವುದನ್ನೂ ಮಗು ಕಲಿಯುತ್ತದೆ. ದಯವಿಟ್ಟು ಗುಳ್ಳೆಯೊಳಗಿನ ಆಡುಮಾತನ್ನು ಕೆಂಪು ಶಾಯಿಯಿಂದ ತಿದ್ದಬೇಡಿ ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ.

ಮಗ ಬರೀ ಛೋಟಾ ಭೀಮನನ್ನೋ ಡೋರೆಮಾನನ್ನೋ ನಕಲು ಮಾಡುತ್ತಾನೆ, ಇದರಿಂದೇನು ಬಂತು ಎಂದು ಕೇಳುವವರಿದ್ದಾರೆ. ನಕಲು ಮಾಡಲಿ ಬಿಡಿ. ಮೈಸೂರಿನ ಒಬ್ಬ ಹುಡುಗ, ಮನೆಗೆ ಬರುತ್ತಿದ್ದ 'ದಿ ಹಿಂದೂ' ಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಅಚ್ಚಾಗುತ್ತಿದ್ದ ಬ್ರಿಟನ್ನಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳಿಗೆ ಮನಸೋತಿದ್ದ. ಸಹಿಯನ್ನು ಸರಿಯಾಗಿ ಓದಲಾರದೆ ಅವರ ಹೆಸರು 'ಕೌ' ಎಂದೇ ಬಹುಕಾಲ ತಿಳಿದಿದ್ದ. ಆ ಹುಡುಗ ಆರ್. ಕೆ. ಲಕ್ಷ್ಮಣ್, 1921ರಲ್ಲಿ ಹುಟ್ಟಿದವರು. ಓದಲು ಬರುವ ಮೊದಲೇ ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆ ಬರೆಯುತ್ತಿದ್ದರು. ಶಾಲೆಯಲ್ಲಿ ಬರೆದ ಒಂದು ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದ್ದರಿಂದ ತಾನು ಕಲಾವಿದನಾಗಬಹುದು ಎಂಬ ಭಾವನೆ ಮೊಳೆಯಿತು. ಮೇಷ್ಟ್ರಾದವರು ಇದನ್ನು ಗಮನಿಸಬೇಕು, ಒಂದು ಎಲೆಗೆ ಕೊಟ್ಟ ಒಂದು ಮೆಚ್ಚುಗೆ! ಕೋಣೆಯ ಕಿಟಕಿಯಲ್ಲಿ ಕೂತು ಒಣ ಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಎದುರು ಮನೆಯ ಮಾಡಿನ ಮೇಲಿನ ಕಾಗೆಗಳು ಹೀಗೆ ಕಂಡದ್ದನ್ನೆಲ್ಲ ಬರೆಯುತ್ತಿದ್ದರು. ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಪ್ರವೇಶಕ್ಕೆ ಬೇಕಾದಷ್ಟು ಪ್ರತಿಭೆ ಇಲ್ಲವೆಂದು ಅದು ತಿರಸ್ಕೃತವಾಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತ, ಅಣ್ಣ ಆರ್. ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಬರೆದರು. ಮುಂದೆ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಅವರ ಶ್ರೀಸಾಮಾನ್ಯ, ಚೌಕುಳಿ ಕೋಟು ತೊಟ್ಟು ಅರ್ಧ ಶತಮಾನ ಮಾತಾಡದೆ ನಿಂತದ್ದನ್ನು ನೀವೆಲ್ಲ ಬಲ್ಲಿರಿ. ಲೋ ಅವರನ್ನು ನೋಡಿ ಕಲಿತ ಗೆರೆ ಕಿಟಕಿಯಾಚೆಯ ಕಾಗೆಯನ್ನು ನೋಡಿದಾಗ ಅವರದೇ ಆಯಿತು. ಅದಕ್ಕೇ ನಾನು ಛೋಟಾ ಭೀಮನನ್ನು ಬರೆದ ಹುಡುಗನಿಗೆ, ನಿಮ್ಮ ಊರಿನ ಸಂತೆಗೆ ಭೀಮ ಬಂದರೆ ಏನೇನಾಗುತ್ತದೆ, ಬರಿ ನೋಡೋಣ ಎನ್ನುತ್ತೇನೆ. ಸಂತೆ ಬರೆಯಲು ಅವನು ಸಂತೆಯನ್ನು ನೋಡಲೇಬೇಕಲ್ಲ.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಇದೇ ಗೆರೆ ಗಾಯ ಮಾಡಲೂಬಹುದು. ಸಹಪಾಠಿಯ ಮೈಬಣ್ಣ, ಉಬ್ಬುಹಲ್ಲು, ಕುಂಟುಕಾಲು ಇಟ್ಟುಕೊಂಡು ಬರೆದ ಚಿತ್ರ ತರಗತಿಯಲ್ಲಿ ಕೈಯಿಂದ ಕೈಗೆ ಹರಿದಾಡಿದಾಗ ಆ ಮಗುವಿನ ಮುಖ ನೋಡಲಾಗುವುದಿಲ್ಲ. ನನ್ನ ತರಗತಿಯಲ್ಲಿ ಒಂದೇ ಕಟ್ಟಳೆ: ಹುಟ್ಟಿನಿಂದ ಬಂದದ್ದನ್ನು ಹಿಗ್ಗಿಸಬೇಡ, ಮಾಡುವುದನ್ನು ಹಿಗ್ಗಿಸು. ನಿದ್ದೆ ಮಾಡುವವನ ನಿದ್ದೆ, ಜಂಬ ಕೊಚ್ಚುವವನ ಜಂಬ, ಮೇಷ್ಟ್ರ ಕೋಲು, ಇವಕ್ಕೆಲ್ಲ ಅನುಮತಿ ಇದೆ. ಮೇಷ್ಟ್ರಿಗೆ ಬೇಸರವಾದರೆ ಆಗಲಿ. ಕೇರಳದ ಕಾಯಂಕುಳಂನಲ್ಲಿ 1902ರಲ್ಲಿ ಹುಟ್ಟಿದ ಶಂಕರ್ ಬರೆದ ಮೊದಲ ವ್ಯಂಗ್ಯಚಿತ್ರ ತರಗತಿಯಲ್ಲಿ ನಿದ್ದೆ ಹೋದ ತಮ್ಮ ಮೇಷ್ಟ್ರದು. ಹೆಡ್ ಮೇಷ್ಟ್ರು ಕೆಂಡವಾದರು, ಮನೆಯಲ್ಲಿ ಅವರ ಮಾವ ಬೆನ್ನು ತಟ್ಟಿದರು. ಅದೇ ಶಂಕರ್ 1948ರಲ್ಲಿ 'ಶಂಕರ್ಸ್ ವೀಕ್ಲಿ' ಆರಂಭಿಸಿದಾಗ, ನನ್ನನ್ನೂ ಬಿಡಬೇಡ ಎಂದು ಪ್ರಧಾನಿ ನೆಹರೂ ಅವರೇ ಹೇಳಿದರು. ಮರುವರ್ಷವೇ ಶಂಕರ್ ಮಕ್ಕಳಿಗಾಗಿ ಚಿತ್ರಸ್ಪರ್ಧೆ ಪ್ರಾರಂಭಿಸಿದರು. 1957ರಲ್ಲಿ ದಿಲ್ಲಿಯಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದರು.

ಮನೆಯಲ್ಲಿ ಏನು ಮಾಡಬೇಕೆಂದು ಕೇಳುವಿರಾದರೆ, ಖರ್ಚಿನ ಬಾಬತ್ತು ಇಲ್ಲವೇ ಇಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನು, ಒಂದು ಮಗ್ಗುಲು ಖಾಲಿ ಇರುವ ಕಾಗದ, ಒಂದು ಪೆನ್ಸಿಲ್. ರಬ್ಬರನ್ನು ಸ್ವಲ್ಪ ದೂರವೇ ಇಡಿ, ಅಳಿಸುತ್ತಾ ಕೂತ ಮಗು ಮುಂದಕ್ಕೆ ಹೋಗುವುದಿಲ್ಲ. ಚಿತ್ರ ತಂದು ತೋರಿಸಿದಾಗ ಇದೇನಿದು ಎನ್ನಬೇಡಿ. ಆಮೇಲೇನಾಯಿತು ಎಂದು ಕೇಳಿ. ಮಗು ಮುಂದಿನ ಚೌಕ ಬರೆಯಲು ಓಡುತ್ತದೆ. ನಿಮ್ಮನ್ನೇ ಬರೆದರೆ, ಮೊಬೈಲಿನಲ್ಲಿ ಮುಖ ಹುದುಗಿಸಿದ ಅಪ್ಪನನ್ನು ಬರೆದರೆ, ಬೇಸರ ಮಾಡಿಕೊಳ್ಳದೆ ಆ ಚಿತ್ರವನ್ನು ಎರಡು ಸಲ ನೋಡಿ. ಬೆಂಗಳೂರಿಗೆ ಹೋದಾಗ ಬಿಡುವಿದ್ದರೆ ಎಂ.ಜಿ. ರಸ್ತೆಯ ಬಳಿಯ ಕಾರ್ಟೂನ್ ಗ್ಯಾಲರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕುಂದಾಪುರದ ಕಡೆಯವರಿಗೆ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಮತ್ತು ಗೆಳೆಯರ ಕಾರ್ಟೂನು ಹಬ್ಬ ಇದ್ದೇ ಇದೆ.

ಮಕ್ಕಳ ಕಾರ್ಟೂನು ಪುಸ್ತಕದ ಹಾಳೆಯ ನಡುವೆಯೇ ಉಳಿಯಬೇಕಾಗಿಲ್ಲ. ಶರದ್ ಶರ್ಮಾ ಎಂಬ ವ್ಯಂಗ್ಯಚಿತ್ರಕಾರರ 'ವರ್ಲ್ಡ್ ಕಾಮಿಕ್ಸ್ ಇಂಡಿಯಾ' ಸಂಸ್ಥೆ, ಚಿತ್ರ ಕಲಿಯದ ಹಳ್ಳಿಯ ಜನರಿಂದಲೇ ಅವರ ಊರಿನ ತೊಂದರೆಯ ಕಥೆ ಬರೆಯಿಸುವ ಕೆಲಸ ಮಾಡುತ್ತಿದೆ. ಎರಡು ಎ4 ಹಾಳೆಗಳನ್ನು ಜೋಡಿಸಿ ನಾಲ್ಕು ಚೌಕ ಮಾಡಿ, ಜೆರಾಕ್ಸ್ ತೆಗೆಸಿ, ಬಸ್ ನಿಲ್ದಾಣದಲ್ಲೋ ಚಹದಂಗಡಿಯ ಗೋಡೆಯ ಮೇಲೋ ಅಂಟಿಸುವುದು ಅವರ ಕ್ರಮ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮೈಕು ಹಿಡಿದು ಮಾತಾಡುವವರು ಚುರುಕಾದ ನಾಲ್ಕು ಮಕ್ಕಳು ಮಾತ್ರ. ಹಿಂದೆ ಕೂತವರಿಗೂ ಹೇಳುವುದಿರುತ್ತದೆ. ಬಾಗಿಲು ಮುರಿದ ಶೌಚಾಲಯ, ಶಾಲೆಯ ಮುಂದೆ ವೇಗವಾಗಿ ಹೋಗುವ ಟಿಪ್ಪರ್, ಬಾರದ ಬಸ್ಸು. ಈ ವರ್ಷದ ಸಭೆಗೆ ಒಂದು ವಾರ ಮುಂಚೆ ನಿಮ್ಮೂರಿನ ಶಾಲೆಯ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು ನಾಲ್ಕು ಚೌಕ ಮಾಡಿಸಿ. ಸಭೆಯ ದಿನ ಪಂಚಾಯಿತಿ ಕಟ್ಟೆಯ ಉದ್ದಕ್ಕೂ ಹಗ್ಗ ಕಟ್ಟಿ ಎಲ್ಲವನ್ನೂ ಸಿಕ್ಕಿಸಿ. ಅಧ್ಯಕ್ಷರೂ ಪಿಡಿಒ ಅವರೂ ಒಂದೊಂದಾಗಿ ಓದಿಕೊಂಡು ಬರಲಿ, ಚಿತ್ರ ಬರೆದ ಮಗು ತನ್ನ ಹಾಳೆಯ ಪಕ್ಕದಲ್ಲಿ ನಿಂತಿರಲಿ.